ಮಲ್ಲಮ್ಮನ ಒತ್ತಕ್ಷರ

'ಬರ್ತೀವಿ' ಎಂಬ ವಾಟ್ಸಾಪಿನ ಹೆಬ್ಬೆರಳಿನ ಚಿತ್ರಗಳನ್ನು ನಂಬಿ ಹದಿನೈದು ಕುರ್ಚಿ ಒರೆಸಿದವನು ನಾನು.

ಬರವಣಿಗೆಗೆ ಬಳಸುವ ಒಂದು ಮುಕ್ತ ತಂತ್ರಾಂಶವಿದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಅದರ ಹೊಸ ಆವೃತ್ತಿ ಬಿಡುಗಡೆಯಾಗುವ ಮೊದಲು ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂದು ಹಲವು ಜನರಿಂದ ನೋಡಿಸುವ ಕೆಲಸ ನನ್ನದು. ಯಾರೂ ಹೊರಿಸಿದ್ದಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು.

ಭಾನುವಾರ ರಾಯಚೂರಿನ ಟ್ಯೂಷನ್ ಕೋಣೆಯೊಂದನ್ನು ಕೇಳಿ ಪಡೆದಿದ್ದೆ. ಒಂಬತ್ತಕ್ಕೆ ಕರೆದಿದ್ದೆ; ಹನ್ನೊಂದಾದರೂ ಯಾರ ಸುಳಿವೂ ಇಲ್ಲ. 'ಬಂದೇ ಬರ್ತೀನಿ' ಎಂದಿದ್ದ ದೇವದುರ್ಗದ ಗೆಳೆಯ ಮನೆಗೆ ಬೀಗರು ಬಂದರೆಂದು ಸಂದೇಶ ಕಳಿಸಿದ. ಬಾಗಿಲು ನೋಡಬಾರದೆಂದು ಫೋನು ನೋಡಿದೆ, ಫೋನು ನೋಡಬಾರದೆಂದು ಬಾಗಿಲು ನೋಡಿದೆ. ಮೊದಲು ಸಿಟ್ಟು ಬಂತು. ಆಮೇಲೆ, ಇದು ನನ್ನೊಬ್ಬನಿಗೇ ಬೇಕಾದ ಕೆಲಸವೇನೋ ಎಂಬ ಭಯ.

ಹನ್ನೊಂದೂವರೆಗೆ ಶಾಹೀನಾ ಬೇಗಂ ಬಂದರು. ಮಾನ್ವಿಯ ತಹಶೀಲ್ದಾರ್ ಕಚೇರಿ ಎದುರು ಅರ್ಜಿ ಟೈಪು ಮಾಡುವವರು. ಮನೆಯಲ್ಲಿ ದಖನಿ ಉರ್ದು, ಬೆರಳಲ್ಲಿ ಕನ್ನಡ.

"ದಾರ್ಯಾಗ ಬಸ್ ಕೆಟ್ಟು ನಿಂತಿತ್ತುರೀ ಸರ್. ಉಳಿದವ್ರು ಮುಗಿಸಿ ಹೋದ್ರೇನು?"

"ಹೌದ್ರಿ," ಎಂದೆ. ಸುಳ್ಳಿಗೆ ಕಿವಿ ಬಿಸಿಯಾಯಿತು.

ಏನೇನು ನೋಡಬೇಕೆಂದು ನಾನು ಕೊಟ್ಟ ಪಟ್ಟಿಯನ್ನು ಅವರು ಪಕ್ಕಕ್ಕಿಟ್ಟರು. ತಮ್ಮದೊಂದು ಹಳೇ ಅರ್ಜಿಯನ್ನು ಹೊಸ ಆವೃತ್ತಿಯಲ್ಲಿ ತೆರೆದು, ದಿನಾ ಮಾಡುವಂತೆ ಅದರೊಳಗಿನ ಹಳೇ ಹೆಸರನ್ನೆಲ್ಲ ಒಂದೇ ಏಟಿಗೆ ಮಲ್ಲಮ್ಮ ಎಂದು ಬದಲಿಸಿದರು.

"ಇಲ್ಲಿ ನೋಡ್ರಿ. ಮಲ್ಲಮ್ಮ ಹೋಗಿ ಮಲಮ ಆಗೇದ. ಈ ಅರ್ಜಿ ಒಳಗ ಯಾರು ತಗೋತಾರ?"

ನಾನು ಅದನ್ನೇ ಮೂರು ಸಲ ಪರೀಕ್ಷಿಸಿದ್ದೆ. ಮೂರು ಸಲವೂ ಹಾಕಿದ್ದು ನನ್ನ ಹೆಸರು: ರವಿ. ಅದರಲ್ಲಿ ಒತ್ತಕ್ಷರವೇ ಇಲ್ಲ. ತನ್ನನ್ನೇ ಬರೆದು ತನ್ನನ್ನೇ ಓದಿಕೊಳ್ಳುವವನಿಗೆ ಜಗತ್ತೆಲ್ಲ ಸರಿಯಾಗಿಯೇ ಕಾಣುತ್ತದೆ.

ಇಬ್ಬರೂ ಕೂತು ದೋಷದ ವಿವರ ಬರೆದು ಕಳಿಸಿದೆವು. ತಂತ್ರಾಂಶದವರು ಬಿಡುಗಡೆ ತಡೆದು ಸರಿಪಡಿಸಿದರು. ಸುದ್ದಿ ತಿಳಿಸಲು ಫೋನು ಮಾಡಿದಾಗ ಆಕೆ ಕೇಳಿದರು: "ಸರ್, ಅವತ್ತು ನಾ ಒಬ್ಬಾಕೇ ಬಂದಿದ್ದೆ, ಅಲ್ಲ?"

"ಹೌದ್ರಿ," ಎಂದೆ. ಈ ಸಲ ನಿಜ.

"ಮುಂದಿನ ಸಲ ನೀವೇ ಇಲ್ಲಿಗೆ ಬರ್ರಿ. ನಾವು ನಾಕು ಮಂದಿ ಟೈಪ್ ಮಾಡೋರು ಅದೀವಿ. ಕೆಲಸ ಬಿಟ್ಟು ಬರೋದು ಆಗಂಗಿಲ್ಲ, ಕೆಲಸದಾಗ ನೋಡ್ತೀವಿ."

ಹೋದೆ. ಕಚೇರಿ ಎದುರಿನ ಬೇವಿನ ನೆರಳಲ್ಲಿ ನಾಲ್ವರೂ ಹೊಸ ಆವೃತ್ತಿಯಲ್ಲೇ ಅರ್ಜಿ ಟೈಪು ಮಾಡುತ್ತಿದ್ದರು. ತಪ್ಪು ತೋರಿಸಲು, ಪಕ್ಕದಲ್ಲಿ ಕೂತ ನನ್ನ ಕಡೆ ಇಡೀ ಬೆಳಿಗ್ಗೆ ಒಬ್ಬರೂ ತಲೆ ಎತ್ತಲಿಲ್ಲ. ಅಷ್ಟು ಹಿತವಾದ ಒಂಟಿತನವನ್ನು ನಾನು ಕಂಡಿರಲಿಲ್ಲ.