ಎಂಟನೆಯ ನಿಮಿಷಕ್ಕೆ ಇಳಿಯುವ ಷಡ್ಜ

ಹಳೆಯ ವಾದ್ಯಯಂತ್ರಗಳನ್ನು ಕಂಪ್ಯೂಟರಿನೊಳಗೆ ಮತ್ತೆ ಕಟ್ಟುವುದು ನೀಲಿಮಾಳ ಹೊಟ್ಟೆಪಾಡು. ಎಲ್ಲಿಯದೋ, ಎಂದೋ ಕೆಟ್ಟುಹೋದ ಸಿಂಥಸೈಜರು. ಅದರಲ್ಲಿ ಸ್ವರ ಹುಟ್ಟಿಸುವ ಆಸಿಲೇಟರ್ ಸರ್ಕ್ಯೂಟನ್ನು ಒಂದೊಂದು ಟ್ರಾನ್ಸಿಸ್ಟರಿನ ಗುಣ ಹಿಡಿದು ಪ್ರೋಗ್ರಾಮಿನಲ್ಲಿ ಎಬ್ಬಿಸಿ ಕೂಡಿಸುತ್ತಾಳೆ. ಸತ್ತವರನ್ನು ಮಾತಾಡಿಸುವ ಕೆಲಸ ಎಂದು ಸದಾಶಿವ ಪೇಠದ ನೆರೆಯವರು ನಗುತ್ತಾರೆ. ನಗಲಿ ಪಾಪ. ಆದರೆ ದೀಪದ ಬುಡದಲ್ಲೇ ಕತ್ತಲೆ ಅನ್ನುವುದೇನು ಸುಳ್ಳೇ? ಅವಳ ಮನೆಯಲ್ಲೇ ಒಂದು ಪೆಟ್ಟಿಗೆ ಎರಡು ವರ್ಷದಿಂದ ಮೂಕವಾಗಿ ಕೂತಿತ್ತು.

ಅದು ಅಪ್ಪ ಬಾಳಕೃಷ್ಣ ಮಾಡಿದ ಕರೆಂಟಿನ ತಂಬೂರಿ. ಭೋಸರಿಯ ಕಾರ್ಖಾನೆಯಲ್ಲಿ ಮೀಟರು ರಿಪೇರಿ ಮಾಡುತ್ತಿದ್ದವನು, ಧಾರವಾಡದಿಂದ ಸಂಗೀತವನ್ನು ಸೆರಗಿಗೆ ಕಟ್ಟಿಕೊಂಡು ಬಂದ ಹೆಂಡತಿ ಗೋದಾಳಿಗಾಗಿ ತಾನೇ ಬೆಸುಗೆ ಹಾಕಿದ್ದು. ದಿನಾ ಬೆಳಿಗ್ಗೆ ಆಕೆ ಹಾಡಬೇಕು, ಈತ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕೇಳಬೇಕು. ಚಹಾ ಏನಿದ್ದರೂ ಆಮೇಲೆ. ಅವನು ತೀರಿಕೊಂಡ ಮರುತಿಂಗಳು ಪೆಟ್ಟಿಗೆಯೂ ಒಳಗೆ ಸುಟ್ಟಿತು. ಅಂದಿನಿಂದ ಅವ್ವ ಒಂದು ಸ್ವರವನ್ನೂ ಹಾಡಿರಲಿಲ್ಲ. ಊಟ ಅರ್ಧ, ಮಾತು ಕಾಲು. ಹೀಗೇ ಬಿಟ್ಟರೆ ಇವಳೂ ಕೈಬಿಟ್ಟು ಹೋಗುತ್ತಾಳೆ ಎಂದು ನೀಲಿಮಾಳಿಗೆ ಹೆದರಿಕೆ ಹತ್ತಿತು.

ಅಪ್ಪ ಬರೆದಿಟ್ಟ ಸರ್ಕ್ಯೂಟಿನ ನಕ್ಷೆ ಕಪಾಟಿನಲ್ಲಿ ಸಿಕ್ಕಿತು. ಮೂರು ತಿಂಗಳು ಕೂತು ಅದನ್ನು ಇದ್ದ ಹಾಗೆಯೇ ಪ್ರೋಗ್ರಾಮಿಗೆ ಇಳಿಸಿದಳು. ಸ್ಪೀಕರಿನಲ್ಲಿ ಹಾಡಿಗೆ ಆಧಾರವಾದ ಷಡ್ಜ ಎದ್ದಿತು, ಅದೇ ಗೊಗ್ಗರು ದನಿ. ಅವ್ವ ಗೋಡೆಬದಿಗೆ ಸುತ್ತಿಟ್ಟಿದ್ದ ಅಪ್ಪನ ಚಾಪೆಯನ್ನೂ ಪಕ್ಕದಲ್ಲಿ ಹಾಸಿ ಹಾಡಲು ಕೂತಳು. ಎಂಟು ನಿಮಿಷ ಕಳೆದ ಮೇಲೆ ಅವಳ ಸ್ವರ ತಾನಾಗಿ ಕೆಳಗೆ ಜಾರತೊಡಗಿತು. ಯಂತ್ರದ್ದು ಕದಲಲಿಲ್ಲ. ಅವ್ವ ನಿಲ್ಲಿಸಿ ಖಾಲಿ ಚಾಪೆಯ ಕಡೆ ನೋಡಿದಳು.

"ಸ್ವರ ಬರೋಬರಿ ಅದ," ಎಂದಳು. "ಆದ್ರ ಅವರು ಬಂದಿಲ್ಲ."

ನೀಲಿಮಾ ಆ ದಿನ ಊಟ ಮಾಡಲಿಲ್ಲ. ಅಪ್ಪ ಇದ್ದಾಗ ಫೋನಿನಲ್ಲಿ ಹಿಡಿದಿಟ್ಟ ಹಾಡು ತೆಗೆದು ಅಳೆದಳು. ಹೌದು, ಎಂಟನೆಯ ನಿಮಿಷದಿಂದ ತಂಬೂರಿಯೇ ಇಳಿಯುತ್ತಿತ್ತು. ಹಳೆಯ ಸರ್ಕ್ಯೂಟು ಬಿಸಿಯಾದರೆ ಸ್ವರ ಅಲೆಯುವುದು ಅವಳಿಗೆ ಹೊಸದಲ್ಲ. ಆದರೆ ಇಷ್ಟೊಂದು ಅಲ್ಲ. ನಕ್ಷೆಯಲ್ಲಿ ಅದಕ್ಕೆ ಕಾರಣವೇ ಇರಲಿಲ್ಲ.

ಸುಟ್ಟ ಪೆಟ್ಟಿಗೆ ಬಿಚ್ಚಿದಳು. ಟ್ರಾನ್ಸ್‌ಫಾರ್ಮರಿನ ಬೆನ್ನಿಗೆ, ನಕ್ಷೆಯಲ್ಲಿಲ್ಲದ ಒಂದು ಥರ್ಮಿಸ್ಟರು, ಶಾಖ ತಿಳಿಯುವ ಕಡಲೆಕಾಳಿನಷ್ಟು ಸಾಮಾನು. ಅದನ್ನು ಬಿಗಿದದ್ದು ಹಳೆಯ ಮರದ ತಂಬೂರಿಯ ಜೀವಾಳದಿಂದ, ನಾದ ತುಂಬಲೆಂದು ತಂತಿಯಡಿ ಸಿಕ್ಕಿಸುವ ದಾರದಿಂದ. ಪೆಟ್ಟಿಗೆ ಕಾದಷ್ಟೂ ಷಡ್ಜ ಇಳಿಯಲಿ ಎಂದೇ ಕಟ್ಟಿದ್ದು.

ಹನ್ನೆರಡು ವರ್ಷದ ಹಿಂದೆ ಅವ್ವನ ಗಂಟಲಿನ ಆಪರೇಶನ್ ಆಗಿತ್ತು. ದನಿ ಹೆಚ್ಚು ಹೊತ್ತು ಮೇಲೆ ನಿಲ್ಲುವುದಿಲ್ಲ ಎಂದು ಡಾಕ್ಟರು ಅವ್ವನಿಗೆ ತಿಳಿಸದೆ ಅಪ್ಪನಿಗಷ್ಟೇ ಹೇಳಿದ್ದು ಬಾಗಿಲಾಚೆ ನಿಂತ ನೀಲಿಮಾಳಿಗೂ ಕೇಳಿಸಿತ್ತು. ಆ ವಾರ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ ಅಪ್ಪ, ಕೇಳಿದರೆ, "ಧೂಳಾ ಝಾಡಸ್ಲಿಕತ್ತೀನಿ," ಅಂದಿದ್ದ. ಎಂಥಾ ಕಳ್ಳ! ನೀಲಿಮಾ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು.

ಆ ಕಾಳಿನ ಗುಣವನ್ನೂ ಪ್ರೋಗ್ರಾಮಿಗೆ ಸೇರಿಸಿದಳು. ಬೆಳಿಗ್ಗೆ ಅವ್ವ ಮತ್ತೆ ಹಾಡಿದಳು. ಎಂಟನೆಯ ನಿಮಿಷಕ್ಕೆ ಷಡ್ಜ ಮೆಲ್ಲಗೆ ಇಳಿಯಿತು. ಅವ್ವ ಕಣ್ಣು ತೆರೆಯದೆ ಕೂತಲ್ಲೇ ಒಂದು ಗೇಣು ಸರಿದು ಜಾಗ ಮಾಡಿದಳು. ಬಾಗಿಲು ಮುಚ್ಚಿತ್ತು, ಫ್ಯಾನು ನಿಂತಿತ್ತು. ಚಾಪೆಯ ಅಂಚು ಮಾತ್ರ ಕದಲಿದ ಹಾಗಾಯಿತು. ನೀಲಿಮಾ ಆ ಕಡೆ ನೋಡಲು ಹೆದರಿದಳು.

ಹಾಡು ಮುಗಿದ ಮೇಲೆ ಕೇಳಿದಳು: "ಅವ್ವಾ, ಅಪ್ಪ ಸ್ವರಾ ಇಳಸ್ತಿದ್ದದ್ದು ನಿನಗ ಗೊತ್ತಿತ್ತೇನು?"

"ಮೊದಲನೇ ದಿನಾನ ಗೊತ್ತಾತು. ಷಡ್ಜ ಗೊತ್ತಾಗದಾಕಿ ನಾನು? ಅವರ ಮನಸ್ಸಿಗೆ ಸಮಾಧಾನ ಇರ್ಲಿ ಅಂತ ಸುಮ್ಮನಿದ್ದೆ." ಅವ್ವ ದನಿ ತಗ್ಗಿಸಿದಳು. "ನೀನೂ ಹೇಳಬ್ಯಾಡ ಮತ್ತ."

"ಯಾರಿಗವ್ವಾ?"

ಅವ್ವ ಪಕ್ಕದ ಚಾಪೆಯ ಕಡೆ ಕಣ್ಣು ಹೊರಳಿಸಿ, ತುಟಿಯ ಮೇಲೆ ಬೆರಳಿಟ್ಟಳು.