ಮರದಿಂದ ಇಳಿಯದ ಆನೆ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಉಗ್ರಾಣದಮ್ಮ ಎಂದೇ ಕರೆಯುತ್ತಿದ್ದರು. ಹೆಸರು ಸುಮ್ಮನೆ ಬಂದದ್ದಲ್ಲ. ಹದಿನೆಂಟು ವರ್ಷ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಬಟ್ಟೆಗಳ ಉಗ್ರಾಣ ನೋಡಿಕೊಂಡವಳು ಅವಳು. ಯಾವ ವಾರ್ಡಿನ ಚಾದರ ಎಲ್ಲಿದೆ, ಯಾವುದು ಒಗೆಯಲು ಹೋಗಿದೆ ಎಂಬುದೆಲ್ಲ ನಾಲಿಗೆ ತುದಿಯಲ್ಲಿರುತ್ತಿತ್ತು. ಆಸ್ಪತ್ರೆಗೆ ಕಂಪ್ಯೂಟರ್ ಬಂದಾಗ ಉಳಿದವರು ಮೂಗು ಮುರಿದರು. ಇವಳು ಕುರ್ಚಿ ಎಳೆದುಕೊಂಡು ಕೂತು ಕಲಿತಳು. ಕಲಿಕೆ ಡೇಟಾಬೇಸಿಗೆ ನಿಲ್ಲದೆ ಸರ್ವರುಗಳವರೆಗೂ ಹೋಯಿತು. ನಲವತ್ತೊಂಬತ್ತನೇ ವಯಸ್ಸಿನಲ್ಲಿ, ಕಿವಿ ಕೇಳದ ಮಕ್ಕಳಿಗಾಗಿ ಕೈಸನ್ನೆಯ ಕಥೆಗಳ ವಿಡಿಯೋ ಮಾಡುವ ಪುಟ್ಟ ಸಂಸ್ಥೆಯಲ್ಲಿ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು.

ಆ ಕಥೆಗಳನ್ನು ಹೇಳುತ್ತಿದ್ದವಳು ಅವಳ ಸ್ವಂತ ಅಕ್ಕ. ಹುಟ್ಟಿದಾಗಿನಿಂದ ಕಿವಿ ಕೇಳದವಳು. ಆದರೆ ಅವಳ ಕೈಗಳು ಮಾತಿಗೆ ಇಳಿದರೆ ಎದುರಿದ್ದವರು ಬಾಯಿ ಬಿಟ್ಟುಕೊಂಡು ನೋಡಬೇಕು.

ಒಂದು ದಿನ ದೂರದ ಗುಡ್ಡದ ಶಾಲೆಯ ಟೀಚರ್ ಫೋನ್ ಮಾಡಿದರು.

"ಮೇಡಂ, ವಿಡಿಯೋದಲ್ಲಿ ನಿಮ್ಮ ಅಕ್ಕ ಕೈ ಎತ್ತಿದ್ರೆ ಎತ್ತಿದ ಹಾಗೇ ನಿಂತುಬಿಡ್ತಾರೆ. ಆನೆ ಮರ ಹತ್ತಿ ವಾರ ಆಯ್ತು, ಇನ್ನೂ ಇಳಿದಿಲ್ಲ. ಮಕ್ಕಳು ಕಾಯ್ತಾ ಕೂತಿದಾರೆ!"

ಉಗ್ರಾಣದಮ್ಮನಿಗೆ ನಗು ಬಂತು, ಆದರೆ ಇದು ನಗುವ ವಿಷಯವಾಗಿರಲಿಲ್ಲ. ಹಾಡಾದರೆ ನಡುವೆ ತಡವರಿಸಿದರೂ ಅರ್ಥವಾದೀತು. ಕೈಯ ಮಾತು ಅರ್ಧಕ್ಕೆ ನಿಂತರೆ ಮಾತೇ ಇಲ್ಲ.

"ದೊಡ್ಡ ಸರ್ವರ್ ತಗೊಂಡ್ರೆ ಸರಿಹೋಗುತ್ತೆ ಬಿಡಿ," ಎಂದರು ನಿರ್ದೇಶಕರು.

"ಸರ್, ವಿಡಿಯೋ ಅಷ್ಟು ದೂರದಿಂದ ಬರ್ಬೇಕಲ್ಲ, ಅದಕ್ಕೇ ನಿಲ್ಲೋದು. ಉಗ್ರಾಣ ದೊಡ್ಡದು ಮಾಡಿದ್ರೆ ದಾರಿ ಹತ್ತಿರ ಆಗುತ್ತಾ? ಆಸ್ಪತ್ರೆಲಿ ಒಂದು ಚಾದರಕ್ಕೆ ನರ್ಸ್‌ಗಳು ಮೂರು ಮಹಡಿ ಇಳಿದು ಬರ್ತಿದ್ರು. ಪ್ರತಿ ವಾರ್ಡಿಗೂ ಒಂದೊಂದು ಬೀರು ಇಡಿಸಿದೆ, ಓಡಾಟ ನಿಂತುಹೋಯ್ತು."

ಮೂರು ವಾರ ಅದೇ ಕೆಲಸ. ಮೂಲ ವಿಡಿಯೋಗಳು ಒಂದು ಕಂಪನಿಯ ಕ್ಲೌಡ್‌ನಲ್ಲಿ, ಅಂದರೆ ದೂರದ ಬಾಡಿಗೆ ಸರ್ವರುಗಳಲ್ಲಿ, ಉಳಿದವು. ಅವುಗಳ ಪ್ರತಿಗಳು ಶಾಲೆಗಳಿಗೆ ಹತ್ತಿರದ ನಾಲ್ಕು ಪಟ್ಟಣಗಳ ಸರ್ವರುಗಳಿಗೆ ಹೋದವು. ಯಾವ ಮಗು ಯಾವ ಕಥೆಯನ್ನು ಎಲ್ಲಿಯವರೆಗೆ ನೋಡಿದೆ ಎಂಬ ದಾಖಲೆ ಮಾತ್ರ ಒಂದೇ ಡೇಟಾಬೇಸಿನಲ್ಲಿ. ಅದರ ಇನ್ನೊಂದು ನಕಲು ಬೇರೆ ಕಂಪನಿಯ ಕ್ಲೌಡ್‌ನಲ್ಲಿ, ಮೊದಲಿನದು ಕೈಕೊಟ್ಟರೆ ಇರಲಿ ಎಂದು.

ಈ ನಡುವೆ ಅಕ್ಕ ಸುಮ್ಮನೆ ಕೂರಲಿಲ್ಲ. ಹಳೆಯ ಕಥೆಯ ಕೊನೆಗೆ ಆನೆ ಏಣಿ ತರಿಸಿಕೊಂಡು ಇಳಿಯುವುದು ಸಪ್ಪೆಯೆನಿಸಿ, ಹಳದಿ ಅಂಗಿ ತೊಟ್ಟು ಹೊಸ ಕೊನೆಯೊಂದಿಗೆ ಇಡೀ ಕಥೆಯನ್ನು ಮತ್ತೆ ಹೇಳಿ ಕೊಟ್ಟಳು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷೆ. ಅಕ್ಕತಂಗಿಯರಿಬ್ಬರೂ ವಿಡಿಯೋ ಕರೆಯಲ್ಲಿ ಗುಡ್ಡದ ಶಾಲೆಯ ತರಗತಿಯನ್ನೇ ನೋಡುತ್ತ ಕೂತರು. ಕಥೆ ನೀರು ಹರಿದಂತೆ ಓಡಿತು. ಉಗ್ರಾಣದಮ್ಮ ಉಸ್ಸೆಂದು ಬೆನ್ನು ಒರಗಿಸುವಷ್ಟರಲ್ಲಿ ಅಕ್ಕ ಅವಳ ತೊಡೆಗೆ ಫಟ್ಟನೆ ಹೊಡೆದಳು. ಕೈಗಳು ಬಿರುಸಾಗಿ ಆಡಿದವು:

"ನೀಲಿ ಅಂಗಿ! ಅದು ಹಳೇದು ಕಣೇ! ನನ್ನ ಹಳದಿ ಎಲ್ಲಿ?"

ಉಗ್ರಾಣದಮ್ಮ ಹಣೆ ಚಚ್ಚಿಕೊಂಡಳು. ಮೂಲ ವಿಡಿಯೋ ಬದಲಾಗಿತ್ತು, ಹತ್ತಿರದ ಸರ್ವರುಗಳಲ್ಲಿ ಹಳೆಯ ಪ್ರತಿಯೇ ಉಳಿದಿತ್ತು. ಬೀರುವಿನ ಹಳೇ ಚಾದರ ತೆಗೆಯದೆ ಹೊಸದು ಬರುವುದಾದರೂ ಹೇಗೆ?

"ಟೀಚರ್, ಎರಡೇ ನಿಮಿಷ ನಿಲ್ಲಿಸಿ!" ಎಂದು ಕೂಗಿ ಕೀಲಿಮಣೆಗೆ ಬಾಗಿದಳು. ನಾಲ್ಕೂ ಪಟ್ಟಣಗಳಲ್ಲಿ ಹಳೆಯ ಪ್ರತಿ ಅಳಿಸಿ, ಹೊಸದನ್ನು ಕಳಿಸಿದಳು. ಎರಡು ನಿಮಿಷ ಆರಾಯಿತು. ಅಕ್ಕ ಗಡಿಯಾರವನ್ನೂ ತಂಗಿಯನ್ನೂ ಸರದಿಯಲ್ಲಿ ದುರುಗುಟ್ಟಿ ನೋಡಿದಳು.

ಕೊನೆಗೆ ಪರದೆಯ ಮೇಲೆ ಹಳದಿ ಅಂಗಿ ಬಂತು. ಇಳಿಸಲು ಬಂದ ಕರಡಿ, ಜಿಂಕೆ, ಮೊಲ ಎಲ್ಲವೂ ಆನೆಯ ಜೊತೆ ಮರ ಹತ್ತಿದವು. ಭಾರಕ್ಕೆ ಮರ ಬಾಗಿತು, ಬಾಗಿತು, ಆನೆಯ ಕಾಲು ನೆಲ ಮುಟ್ಟಿತು. ಅದು ಹಾಯಾಗಿ ಇಳಿದು ನಡೆದದ್ದೇ ತಡ, ಅಕ್ಕನ ಎರಡೂ ಕೈಗಳು ಸಟ್ಟನೆ ಮೇಲಕ್ಕೆ ಚಿಮ್ಮಿದವು: ಮರ ನೆಟ್ಟಗಾಗಿ ಉಳಿದವೆಲ್ಲ ಆಕಾಶಕ್ಕೆ!

ತರಗತಿಯಲ್ಲಿ ಹದಿನೈದು ಮಕ್ಕಳು ಬೆಂಚಿನಿಂದ ಜಾರಿ ಬಿದ್ದು ನಕ್ಕವು. ಟೀಚರ್ ಕೂಡ ಕಣ್ಣೊರೆಸಿಕೊಂಡರು. ಆಮೇಲೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕ್ಯಾಮೆರಾದ ಹತ್ತಿರ ಬಂದು ಪುಟ್ಟ ಕೈಗಳಲ್ಲಿ ಕೇಳಿದಳು:

"ಮೊಲ ಎಲ್ಲಿ ಬಿತ್ತು?"

ಅಕ್ಕ ತಂಗಿಯತ್ತ ತಿರುಗಿದಳು. "ನೋಡು, ಇನ್ನೊಂದು ಕಥೆಗೆ ಜಾಗ ಮಾಡು," ಎಂದು ಸನ್ನೆ ಮಾಡಿ, ಅಲ್ಲೇ ಕೂತು ಮೊಲ ಬಿದ್ದ ಕಥೆ ಶುರು ಮಾಡಿದಳು.