ಅಜ್ಜಿಯ ಹಾಡಿನಲ್ಲಿ ನನ್ನ ಪಾಲು

ಹಿಂದೆ ಯಾರೋ ಟೇಪ್ ಮಾಡಿಕೊಂಡು ಹೋಗಿದ್ದ ನಮ್ಮ ಹಾಲಕ್ಕಿ ಒಕ್ಕಲಿಗರ ಹಾಡುಗಳು ಈಗ ಊರಿಗೇ ವಾಪಸು ಬಂದಿವೆ. ನಿನ್ನೆ ಶಾಲೆಯಲ್ಲಿ ಕೇಳಿಸಿದರು. ಹಾಡಿಗಿಂತ ಮೊದಲು ಮಣಿಸರಗಳ ಕಿಣಿಕಿಣಿ ಕೇಳಿತು. ಅದು ನಮ್ಮಜ್ಜಿಯ ಕುತ್ತಿಗೆಯ ಸದ್ದು.

ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟಿದ್ದೆ. ಆಗ ಹೊನ್ನಾವರದ ಮಾಸ್ತರರೊಬ್ಬರು ಟೇಪ್‌ರೆಕಾರ್ಡರ್ ಹಿಡಿದು ಬಂದರು. ಅಷ್ಟು ಸಣ್ಣ ಪೆಟ್ಟಿಗೆಯೊಳಗೆ ಅಜ್ಜಿ ಹೇಗೆ ಹಿಡಿಸುತ್ತಾಳೆ, ಹೋದವಳು ಹೊರಗೆ ಬರುತ್ತಾಳೋ ಇಲ್ಲವೋ ಎಂದು ನನಗೆ ಹೆದರಿಕೆ.

"ನೀವೊಬ್ಬರೇ ಹಾಡಿ ಅಜ್ಜಿ" ಅಂದರು ಮಾಸ್ತರರು.

"ಒಬ್ಳೇ ಎಂತ ಹಾಡೂದು ಮಾಸ್ತರೆ? ನಾ ಒಂದ್ ಸಾಲು ಹೇಳ್ದ್ರೆ ತಿರುಗಿ ಹೇಳೂಕೆ ಮತ್ತೊಬ್ಳು ಬೇಕು. ಏ ಹೆಣೆ, ಬಾ ಇಲ್ಲಿ!"

ಅಜ್ಜಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಸಾಲು ಹೇಳಿ ನಿಂತಳು. ಪೆಟ್ಟಿಗೆಯಲ್ಲಿ ತಿರುಗುವ ಚಕ್ರವನ್ನೇ ನೋಡುತ್ತಿದ್ದ ನನಗೆ ಬಾಯಿಯೇ ಬರಲಿಲ್ಲ. ಅವಳು ಕಾದು ಮುಂದಿನ ಸಾಲಿಗೆ ಹೋದಳು. ಹಾಡು ಮುಗಿಯುವವರೆಗೂ ಹಾಗೇ ಆಯಿತು.

"ಆತು ಬಿಡು, ನಿನ್ ಪಾಲು ನಾ ಅಲ್ಲೇ ಬಿಟ್ಟಿದ್ದೆ" ಅಂದಳು ಕೊನೆಗೆ.

ಸುಮ್ಮನಿದ್ದದ್ದೂ ಪೆಟ್ಟಿಗೆಯೊಳಗೆ ಹೋಗುತ್ತದೆಯೇ? ಅಂದಿನಿಂದ ಆ ಪ್ರಶ್ನೆ ನನ್ನನ್ನು ಕೊರೆಯುತ್ತಲೇ ಇತ್ತು.

ಹೋಗಿತ್ತು. ನಿನ್ನೆ ಅಜ್ಜಿ ಮೊದಲ ಸಾಲು ಹೇಳಿ ನಿಂತಳು. ನನ್ನ ತಪ್ಪು ಊರಿಗೆಲ್ಲ ಗೊತ್ತಾಯಿತೆಂದು ತಲೆ ತಗ್ಗಿಸಿದೆ. ಅಷ್ಟರಲ್ಲಿ ಮುಂದೆ ಕೂತಿದ್ದ ಶಾಲೆಯ ಹುಡುಗಿಯರು, ಯಾರೂ ಹೇಳಿಕೊಡದೆಯೇ, ಆ ಸಾಲನ್ನು ತಿರುಗಿ ಹೇಳಿದರು. ಸರಿಯಾಗಿ ಅವರು ಮುಗಿಸುವ ಹೊತ್ತಿಗೆ ಅಜ್ಜಿ ಮುಂದಿನದನ್ನು ಎತ್ತಿಕೊಂಡಳು.

ಮೂರನೇ ಸಾಲಿಗೆ ನಾನೂ ಬಾಯಿಬಿಟ್ಟೆ.